ಮಕ್ಕಳೊಂದಿಗೆ ಒಂದು ವರ್ಷ ವಿದೇಶಕ್ಕೆ: ಆರೋಗ್ಯದ ಏರ್ಪಾಡು ಯಾವ ಕ್ರಮದಲ್ಲಿ?

ವೀಸಾ ಬಂತು, ಟಿಕೆಟ್ ಆಯಿತು, ಅಲ್ಲಿನ ಮನೆಯ ಫೋಟೊಗಳನ್ನು ಅಜ್ಜಿ-ತಾತಂದಿರಿಗೆಲ್ಲ ತೋರಿಸಿದ್ದೂ ಆಯಿತು. ಹೊರಡಲು ಮೂರು ವಾರ ಇರುವಾಗ ಅಲ್ಲಿನ ಶಾಲೆಯಿಂದ ಒಂದು ಇಮೇಲ್ ಬರುತ್ತದೆ: ಮಗುವಿನ ಲಸಿಕೆ ದಾಖಲೆ ಕಳಿಸಿ. ಆಮೇಲಿನ ಓಡಾಟ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಜಯನಗರದ ಮನೆಯನ್ನು ಒಂದು ಅಮೆರಿಕನ್ ಕುಟುಂಬಕ್ಕೆ ಬಿಟ್ಟುಕೊಟ್ಟು, ಅವರ ಮನೆಯಲ್ಲಿ ಹತ್ತು ತಿಂಗಳು ಇದ್ದು ಬಂದವರು ನಾವು. ಅಂದಿನಿಂದ ಹೀಗೆ ಅದಲುಬದಲಾಗಿ ಹೊರಡುವವರು, ಎಕ್ಸ್‌ಚೇಂಜ್ ಪ್ರೋಗ್ರಾಮ್‌ನಲ್ಲಿ ಹೋಗುವ ಮೇಷ್ಟ್ರುಗಳು, ಸಂಶೋಧಕರು ಫೋನ್ ಮಾಡುತ್ತಲೇ ಇದ್ದಾರೆ. ಎಲ್ಲರೂ ಎಡವುವುದು ಒಂದೇ ಕಡೆ. ಕೊನೆಗೆ ಮಾಡಿದರೂ ನಡೆಯುವ ಕೆಲಸವನ್ನು ಮೊದಲು ಮುಗಿಸಿರುತ್ತಾರೆ, ಮೊದಲೇ ಆಗಬೇಕಾದ್ದನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ.

ವಿಮೆ ಒಂದು ಸಂಜೆಯಲ್ಲಿ ಸಿಗುತ್ತದೆ. ಲಸಿಕೆಯ ಎರಡು ಡೋಸ್‌ಗಳ ನಡುವೆ ಮೂರು ತಿಂಗಳು ಬೇಕೆಂದಿದ್ದರೆ ಯಾರ ಶಿಫಾರಸಿನಿಂದಲೂ ಅದು ಮೂರು ವಾರ ಆಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ, ಹೊರಡುವ ಆರು ತಿಂಗಳ ಮೊದಲೇ ಶುರುಮಾಡಿ.

ಮೊದಲು ಒಂದು ಚೀಲದಲ್ಲಿ ಇಷ್ಟು ಒಟ್ಟುಮಾಡಿ: ಲಸಿಕೆ ಪುಸ್ತಕ (ಸರ್ಕಾರಿ ಆಸ್ಪತ್ರೆಯ ಹೆರಿಗೆಯಾದರೆ ತಾಯಿ ಕಾರ್ಡ್), ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಆಸ್ಪತ್ರೆಗೆ ಸೇರಿಸಿದ್ದರೆ ಡಿಸ್ಚಾರ್ಜ್ ಸಮ್ಮರಿ, ಕನ್ನಡಕದ ಚೀಟಿ, ಈಗ ನಡೆಯುತ್ತಿರುವ ಔಷಧಗಳ ಚೀಟಿ.

ಹಂತ 1: ಅಲ್ಲಿ ಏನು ಕೇಳುತ್ತಾರೆ ಎಂದು ಬರಹದಲ್ಲಿ ತರಿಸಿಕೊಳ್ಳಿ

ಇದನ್ನು ಬಿಟ್ಟು ನೇರವಾಗಿ ಮಕ್ಕಳ ಡಾಕ್ಟರ ಬಳಿ ಹೋದರೆ ಅವರು ಇಲ್ಲಿನ ಪಟ್ಟಿ ನೋಡಿ 'ಎಲ್ಲಾ ಆಗಿದೆ' ಅನ್ನುತ್ತಾರೆ. ಅವರ ಮಾತು ಸರಿಯೇ. ಆದರೆ ಅಲ್ಲಿನ ಪಟ್ಟಿ ಬೇರೆ.

ಅಮೆರಿಕದಲ್ಲಿ ಶಾಲೆಯ ಲಸಿಕೆ ನಿಯಮ ರಾಜ್ಯಕ್ಕೊಂದು. ಊರು ಗೊತ್ತಾದ ದಿನವೇ ಆ ಶಾಲೆಯ ಆಫೀಸಿಗೆ ಬರೆದು ಲಸಿಕೆ ಫಾರಂ, ದೈಹಿಕ ತಪಾಸಣೆ ಫಾರಂ ಎರಡನ್ನೂ ತರಿಸಿಕೊಳ್ಳಿ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ದಡಾರದ ಲಸಿಕೆಗೆ ಪ್ರತ್ಯೇಕ ಕಾನೂನೇ ಇದೆ. ಎರಡು ವರ್ಷ ದಾಟಿದ ಮಗು ಶಿಶುವಿಹಾರಕ್ಕೋ ಶಾಲೆಗೋ ಸೇರಬೇಕಾದರೆ ದಡಾರದ ಎರಡು ಡೋಸ್ ಆಗಿರುವುದಕ್ಕೆ ದಾಖಲೆ ತೋರಿಸಬೇಕು. ಬ್ರಿಟನ್ನಿನಲ್ಲಿ ಶಾಲೆ ಸೇರಲು ಲಸಿಕೆ ಕಡ್ಡಾಯವಿಲ್ಲ, ಅಲ್ಲಿನ ತಡೆ ವೀಸಾ ಹಂತದಲ್ಲಿ ಇರುತ್ತದೆ. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗುವವರು ಅವರು ಒಪ್ಪಿದ ಕ್ಲಿನಿಕ್ಕಿನಿಂದಲೇ ಟಿಬಿ ಪ್ರಮಾಣಪತ್ರ ತರಬೇಕು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಎಕ್ಸ್‌ರೇ ತೆಗೆಯುವುದಿಲ್ಲ. ಹಾಗೆಂದು ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಕ್ಲಿನಿಕ್ಕಿನವರು ಮಗುವನ್ನು ನೋಡಿ, ಪ್ರಶ್ನೆ ಕೇಳಿಯೇ ಪತ್ರ ಕೊಡುವುದು. ಆ ಪತ್ರದ ಆಯುಸ್ಸು ಆರು ತಿಂಗಳು ಮಾತ್ರ, ಅತಿ ಮುಂಚೆ ಮಾಡಿಸಿದರೂ ದಂಡ. ಕೆನಡಾಕ್ಕೆ ಆರು ತಿಂಗಳು ಮೀರಿ ಹೋಗುವುದಾದರೆ ಮಕ್ಕಳಿಗೂ ವೈದ್ಯಕೀಯ ಪರೀಕ್ಷೆ ಇದೆ. ಅದನ್ನು ನಿಮ್ಮ ಡಾಕ್ಟರು ಮಾಡಿದರೆ ನಡೆಯುವುದಿಲ್ಲ, ಆ ದೇಶದ ಪಟ್ಟಿಯಲ್ಲಿರುವ ಪ್ಯಾನೆಲ್ ಡಾಕ್ಟರೇ ಆಗಬೇಕು.

ಹಂತ 2: ಲಸಿಕೆ ಪುಸ್ತಕವನ್ನು ಅವರಿಗೆ ಅರ್ಥವಾಗುವಂತೆ ಬರೆಸಿ

ನಮ್ಮ ಮಗಳ ಪುಸ್ತಕ ಹೀಗಿತ್ತು: ರಟ್ಟಿನ ಮೇಲೆ ಆನೆಮರಿಯ ಚಿತ್ರ, ಒಳಗೆ ಮೂರು ಡಾಕ್ಟರ ಮೂರು ಬಗೆಯ ಕೈಬರಹ, ಕೆಲವು ಕಡೆ ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಕೆಲವು ಕಡೆ ಬರೀ ಒಂದು ಟಿಕ್. ಮೊದಲ ಪುಟದಲ್ಲಿ ಮಗಳ ಹೆಸರೇ ಇಲ್ಲ, 'ಬೇಬಿ ಆಫ್' ಅಂತ ನನ್ನ ಹೆಸರು. ಹೆರಿಗೆ ಆಸ್ಪತ್ರೆಯಲ್ಲಿ ಬರೆದದ್ದು, ನಾಮಕರಣ ಆದ ಮೇಲೆ ತಿದ್ದಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿಯೇ. ಲಸಿಕೆ ಪುಸ್ತಕದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಜನನ ಪ್ರಮಾಣಪತ್ರದಲ್ಲಿ ಬರೀ ಮಗುವಿನ ಹೆಸರು. ಅಲ್ಲಿನ ಶಾಲೆಯ ಗುಮಾಸ್ತರಿಗೆ ಇವರು ಮೂವರು ಬೇರೆ ಬೇರೆ ಮಕ್ಕಳು. ಲಸಿಕೆಯ ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ, ಅದೇ ಅಕ್ಷರಗಳಲ್ಲಿ ಇರಲಿ.

ಮಕ್ಕಳ ಡಾಕ್ಟರ ಬಳಿ ಒಂದು ಹೊಸ ಪತ್ರ ಮಾಡಿಸಿ. ಅವರ ಲೆಟರ್‌ಹೆಡ್, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಸೀಲು, ಸಹಿ ಇರಬೇಕು. ಪ್ರತಿ ಲಸಿಕೆಯ ಸಾಮಾನ್ಯ ಹೆಸರು, ಡೋಸ್ ಸಂಖ್ಯೆ, ದಿನಾಂಕ ಇಂಗ್ಲಿಷಿನಲ್ಲಿ ಟೈಪಾಗಿರಬೇಕು. ಬ್ರಾಂಡ್ ಹೆಸರು ಬರೆದರೆ ಹೊರದೇಶದ ನರ್ಸಿಗೆ ಗೊತ್ತಾಗುವುದಿಲ್ಲ.

ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಸಿ. ಯಾಕೆ ಎಂದು ಒಂದು ಉದಾಹರಣೆ. ಮಗು ಹುಟ್ಟಿದ್ದು 2018ರ ಆಗಸ್ಟ್ 20. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಕೊಟ್ಟದ್ದು ಹದಿನೈದು ತಿಂಗಳು ತುಂಬಿದ ಮೇಲೆ, 2019ರ ಡಿಸೆಂಬರ್ 2ರಂದು. ಪುಸ್ತಕದಲ್ಲಿ 02-12-2019 ಎಂದಿದೆ. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ, ಹಾಗಾಗಿ ಅವರಿಗೆ ಅದು ಫೆಬ್ರವರಿ 12. ಆಗ ಮಗುವಿಗೆ ಇನ್ನೂ ಆರು ತಿಂಗಳು ತುಂಬಿಲ್ಲ. ಅಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಎಂಎಂಆರ್ ಲೆಕ್ಕಕ್ಕಿಲ್ಲ. ಡೋಸ್ ಸರಿಯಾಗಿಯೇ ಆಗಿದೆ, ಬರೆದ ಬಗೆಯಿಂದ ಮಾತ್ರ ರದ್ದಾಯಿತು.

ಹಂತ 3: ಖಾಲಿ ಬಿಟ್ಟ ಡೋಸ್‌ಗಳನ್ನು ತುಂಬಿಸಿ

ಈಗ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಡಾಕ್ಟರ ಮುಂದೆ ಕೂರಿ. ಬೆಂಗಳೂರಿನ ಮಕ್ಕಳು, ಅದರಲ್ಲೂ ಅಮೆರಿಕಕ್ಕೆ ಹೊರಟವರು, ಸಾಮಾನ್ಯವಾಗಿ ನಾಲ್ಕು ಕಡೆ ಸಿಕ್ಕಿಕೊಳ್ಳುತ್ತಾರೆ.

ಎಂಆರ್ ಮತ್ತು ಎಂಎಂಆರ್. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಮಂಗನಬಾವು ಅದರಲ್ಲಿಲ್ಲ. ಜರ್ಮನಿಗೆ ದಡಾರ ಸಾಕು. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಮೂರಕ್ಕೂ ದಾಖಲೆ ಕೇಳುತ್ತವೆ. ಜೊತೆಗೆ ನಮ್ಮಲ್ಲಿ ಒಂಬತ್ತನೇ ತಿಂಗಳಿಗೇ ಕೊಡುವ ಡೋಸ್ ಅಲ್ಲಿ ಎಣಿಕೆಗೆ ಬರುವುದಿಲ್ಲ. ಎಂಎಂಆರ್‌ನ ಎರಡು ಡೋಸ್‌ಗಳ ನಡುವೆ ಕನಿಷ್ಠ 28 ದಿನ ಬೇಕು.

ಚಿಕನ್‌ಪಾಕ್ಸ್. ಇದು ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಹದಿಮೂರು ವರ್ಷದೊಳಗಿನವರಿಗೆ ಎರಡು ಡೋಸ್ ನಡುವೆ ಮೂರು ತಿಂಗಳು ಬಿಡಬೇಕೆಂಬುದು ಅಮೆರಿಕದ ಕ್ರಮ. ಆರು ತಿಂಗಳ ಮೊದಲೇ ಶುರುಮಾಡಿ ಎಂದು ನಾನು ಹಟ ಹಿಡಿಯುವುದು ಮುಖ್ಯವಾಗಿ ಇದಕ್ಕೇ. ಮಗುವಿಗೆ ಈಗಾಗಲೇ ಬಂದು ಹೋಗಿದ್ದರೆ? ಮನೆಯಲ್ಲಿ 'ಅಮ್ಮ ಎದ್ದಿದೆ' ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿ, ಮಜ್ಜನ ಮಾಡಿಸಿ ಮುಗಿಸಿರುತ್ತೇವೆ, ಡಾಕ್ಟರ ಚೀಟಿ ಇರುವುದಿಲ್ಲ. ಆಗ ರೋಗನಿರೋಧಕ ಶಕ್ತಿ ಇದೆಯೇ ಎಂದು ನೋಡುವ ರಕ್ತಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಅದನ್ನು ಒಪ್ಪುತ್ತೀರಾ ಎಂದು ಶಾಲೆಗೆ ಮೊದಲೇ ಬರೆದು ಕೇಳಿ.

ಪೋಲಿಯೊ. ಪಲ್ಸ್ ಪೋಲಿಯೊ ಭಾನುವಾರ ತಪ್ಪದೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ತಾಯಂದಿರಿಗೆ ಇದು ನಂಬಲಾಗದ ಸುದ್ದಿ: 2016ರ ಏಪ್ರಿಲ್ 1ರ ನಂತರ ಬಾಯಿಗೆ ಹಾಕಿದ ಪೋಲಿಯೊ ಹನಿಯನ್ನು ಅಮೆರಿಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ಬಳಕೆಗೆ ಬಂದ ಹನಿಯಲ್ಲಿ ಮೂರರ ಬದಲು ಎರಡೇ ಬಗೆಯ ವೈರಸ್ಸಿಗೆ ರಕ್ಷಣೆ ಇರುವುದು ಕಾರಣ. ಅವರಿಗೆ ಬೇಕಿರುವುದು ಚುಚ್ಚುವ ಪೋಲಿಯೊ ಲಸಿಕೆ. ಖಾಸಗಿಯಲ್ಲಿ ಆರು ರೋಗಕ್ಕೆ ಒಂದೇ ಚುಚ್ಚುಮದ್ದು ಹಾಕಿಸಿದ್ದರೆ ಅದರೊಳಗೇ ಇರುತ್ತದೆ. ಐದರದ್ದು ಹಾಕಿಸಿದ್ದರೆ ಅದರಲ್ಲಿ ಪೋಲಿಯೊ ಇದೆಯೇ ಎಂದು ಡಾಕ್ಟರನ್ನು ಕೇಳಿ. ಸರ್ಕಾರಿ ಪೆಂಟಾದಲ್ಲಿ ಅದು ಇಲ್ಲ.

ಟಿಬಿ ಪರೀಕ್ಷೆ. ನಮ್ಮ ಮಕ್ಕಳಿಗೆಲ್ಲ ಹುಟ್ಟಿದಾಗಲೇ ಟಿಬಿ ತಡೆಯುವ ಬಿಸಿಜಿ ಲಸಿಕೆ ಆಗಿರುತ್ತದೆ, ಎಡ ತೋಳಿನ ಮೇಲೆ ಕಲೆ ಇರುತ್ತದೆ. ಇದರಿಂದ ಮುಂಗೈ ಮೇಲೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ತಜ್ಞರ ಭೇಟಿ, ಅಷ್ಟು ದಿನ ಮಗು ಶಾಲೆಯ ಹೊರಗೆ. ಶಾಲೆ ಟಿಬಿ ಪರೀಕ್ಷೆ ಕೇಳಿದರೆ ರಕ್ತದಿಂದ ಮಾಡುವ ಇಗ್ರಾ ಪರೀಕ್ಷೆ ನಡೆಯುತ್ತದೆಯೇ ಎಂದು ಕೇಳಿ. ಬಿಸಿಜಿಯಿಂದ ಅದು ಕೆಡುವುದಿಲ್ಲ. ಎಂಎಂಆರ್ ಹಾಕಿಸಿದ ಮರುವಾರ ಟಿಬಿ ಪರೀಕ್ಷೆ ಇಟ್ಟುಕೊಳ್ಳಬೇಡಿ. ಎರಡೂ ಒಂದೇ ದಿನ ಆಗಲಿ, ಇಲ್ಲವೇ ನಾಲ್ಕು ವಾರ ಬಿಡಿ.

ಹಲ್ಲು ಮತ್ತು ಕಣ್ಣನ್ನೂ ಇಲ್ಲೇ ತೋರಿಸಿಕೊಂಡುಬಿಡಿ. ಕನ್ನಡಕ ಇದ್ದರೆ ಇನ್ನೊಂದು ಜೊತೆ ಮಾಡಿಸಿಕೊಳ್ಳಿ.

ಹಂತ 4: ವಿಮೆ

ನಾನು ಕೈಸುಟ್ಟುಕೊಂಡದ್ದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ತಪ್ಪು ತಿಳಿವಳಿಕೆ: 'ನಮ್ಮ ಫ್ಯಾಮಿಲಿ ಫ್ಲೋಟರ್ ಇದೆಯಲ್ಲ'. ಇಲ್ಲಿನ ಬಹುತೇಕ ಆರೋಗ್ಯ ವಿಮೆಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಎರಡನೆಯದು: 'ಟ್ರಾವೆಲ್ ಇನ್ಶೂರೆನ್ಸ್ ತಗೊಂಡಿದ್ದೀವಿ'. ಅದು ಪ್ರವಾಸಕ್ಕೆಂದು ಮಾಡಿದ್ದು. ಅದರಲ್ಲಿ ಮಾಮೂಲಿ ತಪಾಸಣೆ, ಲಸಿಕೆ ಇರುವುದಿಲ್ಲ, ಮೊದಲಿನಿಂದ ಇರುವ ಕಾಯಿಲೆಯನ್ನು ಹೆಚ್ಚಿನವು ಹೊರಗಿಡುತ್ತವೆ, ಎಷ್ಟು ದಿನಕ್ಕೆ ಎಂಬ ಮಿತಿಯೂ ಇರುತ್ತದೆ.

ಅಮೆರಿಕಕ್ಕೆ ಎಕ್ಸ್‌ಚೇಂಜ್ ಪ್ರೋಗ್ರಾಮ್‌ನ ಜೆ-1 ವೀಸಾದಲ್ಲಿ ಹೋಗುವವರಿಗೂ, ಜೆ-2ನಲ್ಲಿ ಜೊತೆಗೆ ಹೋಗುವ ಮಕ್ಕಳಿಗೂ ಕಾನೂನೇ ಕನಿಷ್ಠ ಮಟ್ಟ ಹೇಳಿದೆ: ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್, ರೋಗಿಯನ್ನು ಊರಿಗೆ ಸಾಗಿಸಲು 50,000 ಡಾಲರ್, ಮರಣವಾದರೆ ದೇಹ ಕಳಿಸಲು 25,000 ಡಾಲರ್, ಮತ್ತು ಡಿಡಕ್ಟಿಬಲ್ 500 ಡಾಲರ್ ಮೀರುವಂತಿಲ್ಲ. ಡಿಡಕ್ಟಿಬಲ್ ಎಂದರೆ ಕಂಪನಿ ಕೈ ಹಾಕುವ ಮೊದಲು ನಿಮ್ಮ ಜೇಬಿನಿಂದ ಹೋಗುವ ದುಡ್ಡು.

ನಾವು ಈ ಅಂಕಿಗಳನ್ನು ಮಾತ್ರ ನೋಡಿ ಅಗ್ಗದ ಪಾಲಿಸಿ ಕೊಂಡೆವು. ಮಗನಿಗೆ ಚಿಕ್ಕಂದಿನಿಂದ ವೀಸಿಂಗ್. ನವೆಂಬರಿನ ಒಂದು ರಾತ್ರಿ ಪಕ್ಕೆ ಎಳೆದುಕೊಳ್ಳಲು ಶುರುವಾಯಿತು, ಎಮರ್ಜೆನ್ಸಿಗೆ ಓಡಿದೆವು. ನಾಲ್ಕು ತಾಸು, ಮೂರು ಬಾರಿ ಔಷಧದ ಹಬೆ, ಬೆಳಗ್ಗೆ ಮನೆಗೆ. ಎರಡು ತಿಂಗಳಾದ ಮೇಲೆ ಕಂಪನಿಯ ಪತ್ರ ಬಂತು: ಇದು ಮೊದಲೇ ಇದ್ದ ಕಾಯಿಲೆ, ಕೊಡಲಾಗುವುದಿಲ್ಲ. ಪಾಲಿಸಿಯ ಹದಿನೇಳನೇ ಪುಟದಲ್ಲಿ ಅದು ಬರೆದೇ ಇತ್ತು, ನಾವು ಮೂರನೇ ಪುಟಕ್ಕೆ ನಿಲ್ಲಿಸಿದ್ದೆವು. ಆ ಬಿಲ್ಲನ್ನು ಕಂತಿನಲ್ಲಿ ಕಟ್ಟಿದೆವು.

ಆದ್ದರಿಂದ ಕೊಳ್ಳುವ ಮೊದಲು ಇಮೇಲ್‌ನಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಮಗುವಿಗೆ ಈಗಿರುವ ವೀಸಿಂಗ್, ಫಿಟ್ಸ್, ಅಲರ್ಜಿ ಇತ್ಯಾದಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ, ಇಲ್ಲದಿದ್ದರೆ ಎಷ್ಟು ತಿಂಗಳು ಕಾಯಬೇಕು? ಮಾಮೂಲಿ ತಪಾಸಣೆ, ಲಸಿಕೆ ಸೇರಿದೆಯೇ? ನಾವಿರುವ ಊರಿನಲ್ಲಿ ನಿಮ್ಮ ನೆಟ್‌ವರ್ಕಿನ ಮಕ್ಕಳ ಡಾಕ್ಟರು ಯಾರು? ಕೊನೆಯದಕ್ಕೆ ಹೆಸರು ಮತ್ತು ವಿಳಾಸ ಕೊಡದೆ 'ಸಾವಿರಾರು ಡಾಕ್ಟರಿದ್ದಾರೆ' ಎಂದು ಬಂದರೆ ಅನುಮಾನಿಸಿ. ಏಜೆಂಟರು ಫೋನಿನಲ್ಲಿ 'ಎಲ್ಲಾ ಕವರ್ ಆಗುತ್ತೆ ಮೇಡಂ' ಎಂದದ್ದಕ್ಕೆ ಬೆಲೆಯಿಲ್ಲ. ಹಾಗೆಂದು ಫಾರಂನಲ್ಲಿ ಮಗುವಿನ ಕಾಯಿಲೆ ಮುಚ್ಚಿಡಬೇಡಿ, ಸಿಕ್ಕಿಬಿದ್ದರೆ ಇಡೀ ಪಾಲಿಸಿಯೇ ಹೋಗಬಹುದು.

ಬ್ರಿಟನ್ನಿಗೆ ಆರು ತಿಂಗಳು ಮೀರಿ ಹೋಗುವವರು ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟುತ್ತಾರೆ. 2024ರ ಫೆಬ್ರವರಿ 6ರಿಂದ ಹದಿನೆಂಟರೊಳಗಿನವರಿಗೆ ವರ್ಷಕ್ಕೆ 776 ಪೌಂಡ್, ದೊಡ್ಡವರಿಗೆ ಸಾಮಾನ್ಯವಾಗಿ 1,035. ಇಡೀ ಅವಧಿಯದ್ದನ್ನು ಒಮ್ಮೆಲೇ ಕಟ್ಟಬೇಕು, ಬಜೆಟ್ಟಿನಲ್ಲಿ ಬಹಳ ಮಂದಿ ಇದನ್ನು ಮರೆಯುತ್ತಾರೆ. ಕಟ್ಟಿದ ಮೇಲೆ ಅಲ್ಲಿನವರಂತೆಯೇ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್ ಸೇವೆ ಸಿಗುತ್ತದೆ. ಜರ್ಮನಿಯಲ್ಲಿ ಅಪ್ಪನೋ ಅಮ್ಮನೋ ಕೆಲಸದ ಮೂಲಕ ಸಾರ್ವಜನಿಕ ವಿಮೆಗೆ ಸೇರಿದ್ದರೆ ಮಕ್ಕಳು ಸಾಮಾನ್ಯವಾಗಿ ಹೆಚ್ಚುವರಿ ಕಂತಿಲ್ಲದೆ ಅದರಲ್ಲೇ ಸೇರುತ್ತಾರೆ. ಬರೀ ಸ್ಕಾಲರ್‌ಶಿಪ್ ಮೇಲೆ ಹೋಗುವವರು ಆ ನಂಬಿಕೆಯ ಮೇಲೆ ಹೊರಡುವುದು ಬೇಡ, ವಿಶ್ವವಿದ್ಯಾಲಯದ ಆಫೀಸಿನಲ್ಲಿ ವಿಚಾರಿಸಿ.

ಇನ್ನೊಂದು, ಇದು ಬೆಂಗಳೂರಿನ ಕಡೆಯದು. 'ಒಂದು ವರ್ಷ ಇರೋದೇ ಇಲ್ಲ, ಪ್ರೀಮಿಯಂ ಯಾಕೆ ದಂಡ' ಎಂದು ಇಲ್ಲಿನ ಪಾಲಿಸಿ ಬಿಡಬೇಡಿ. ವಾರ್ಷಿಕ ಪ್ರೀಮಿಯಂಗೆ ಗ್ರೇಸ್ ಅವಧಿ 30 ದಿನ. ಅದು ದಾಟಿದರೆ ಪಾಲಿಸಿ ಹೋಗುತ್ತದೆ, ಹಳೆಯ ಕಾಯಿಲೆಗಳಿಗೆ ಕಾದು ಮುಗಿಸಿದ ವರ್ಷಗಳೂ ಅದರ ಜೊತೆ ಹೋಗುತ್ತವೆ. ವಾಪಸ್ ಬಂದು ಹೊಸದು ಮಾಡಿಸಿದರೆ ಮೂರು ವರ್ಷದವರೆಗೆ ಮತ್ತೆ ಕಾಯಿಸಬಹುದು.

ಹಂತ 5: ಔಷಧದ ಚೀಲ

ಹೋಗುವಾಗ ಎರಡು ತಿಂಗಳ ಔಷಧ ಸಾಕು, ಅಷ್ಟರಲ್ಲಿ ಅಲ್ಲಿನ ಡಾಕ್ಟರು ಸಿಕ್ಕಿರುತ್ತಾರೆ. ಸ್ಟ್ರಿಪ್ ಕತ್ತರಿಸಬೇಡಿ, ಬಾಟಲಿಯ ಲೇಬಲ್ ಕೀಳಬೇಡಿ. ಚೀಟಿಯಲ್ಲಿ ಬ್ರಾಂಡಿನ ಜೊತೆ ಔಷಧದ ಮೂಲ ಹೆಸರು ಇರಲಿ. ಮೂಲ ಹೆಸರೂ ದೇಶಕ್ಕೊಂದು ಎಂಬುದು ಗೊತ್ತಿರಲಿ: ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್, ವೀಸಿಂಗಿನ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್.

ಈಗ ಜ್ವರದ ಸಿರಪ್. ನಮ್ಮ ಮನೆಗಳಲ್ಲಿ ಲೆಕ್ಕ 'ಒಂದು ಮುಚ್ಚಳ' ಅಥವಾ '5 ಎಂಎಲ್'. ಆದರೆ ಬಾಟಲಿಯ ಗಾಢತೆ ಬೇರೆ ಬೇರೆ. ಇಲ್ಲಿ 5 ಎಂಎಲ್‌ನಲ್ಲಿ 120, 125 ಇಲ್ಲವೇ 250 ಮಿಲಿಗ್ರಾಂ ಇರುವ ಸಿರಪ್‌ಗಳಿವೆ, ಅಮೆರಿಕದಲ್ಲಿ 160. ಹದಿನಾರು ಕಿಲೋ ತೂಕದ ಮಗುವಿಗೆ ಡಾಕ್ಟರು ಕಿಲೋಗೆ 15 ಮಿಲಿಗ್ರಾಂನಂತೆ ಹೇಳಿದ್ದರೆ ಒಂದು ಸಲಕ್ಕೆ 240 ಮಿಲಿಗ್ರಾಂ. ಅದು 250ರ ಬಾಟಲಿಯಲ್ಲಿ 5 ಎಂಎಲ್‌ಗೆ ಚೂರು ಕಡಿಮೆ, ಅಮೆರಿಕದ ಬಾಟಲಿಯಲ್ಲಿ 7.5 ಎಂಎಲ್, 120ರದ್ದಾದರೆ 10 ಎಂಎಲ್. ಅಭ್ಯಾಸಬಲದಿಂದ ಎಲ್ಲದರಲ್ಲೂ 5 ಕೊಟ್ಟರೆ ಜ್ವರ ಇಳಿಯುವುದಿಲ್ಲ, ಎಲ್ಲದರಲ್ಲೂ 10 ಕೊಟ್ಟರೆ ಅಪಾಯ. ನಿಮ್ಮ ಮಗುವಿನ ಡೋಸನ್ನು ಮಿಲಿಗ್ರಾಂನಲ್ಲಿ ಡಾಕ್ಟರಿಂದಲೇ ಬರೆಸಿಕೊಂಡು ಹೋಗಿ, ಎಂಎಲ್ ಗುರುತಿರುವ ಸಿರಿಂಜಿನಲ್ಲೇ ಅಳೆಯಿರಿ. ತೂಕವನ್ನು ಪೌಂಡಿನಲ್ಲೂ ತಿಳಿದಿರಿ: 16 ಕಿಲೋ ಎಂದರೆ ಸುಮಾರು 35 ಪೌಂಡ್. ಥರ್ಮಾಮೀಟರಿನದೂ ಇದೇ ಕಥೆ. ನಾವು 100.4 ಅನ್ನುವುದನ್ನು ಯುರೋಪಿನವರು 38 ಅನ್ನುತ್ತಾರೆ.

ಒಯ್ಯಬಾರದ್ದೂ ಇದೆ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತವೇ 2011ರಲ್ಲಿ ನಿಲ್ಲಿಸಿದೆ, ಮನೆಯಲ್ಲಿ ಹಳೆಯ ಬಾಟಲಿ ಉಳಿದಿದ್ದರೆ ಎಸೆಯಿರಿ. ನೆಗಡಿ-ಕೆಮ್ಮಿನ ಮಿಶ್ರಣದ ಸಿರಪ್ ಬೇಡ, ನಾಲ್ಕು ವರ್ಷದೊಳಗಿನವರಿಗೆ ಕೊಡಬೇಡಿ ಎಂದು ಅಮೆರಿಕದಲ್ಲಿ ಅಂಥ ಪೊಟ್ಟಣದ ಮೇಲೇ ಬರೆದಿರುತ್ತದೆ. 'ಇರಲಿ' ಎಂದು ಆಂಟಿಬಯಾಟಿಕ್ ತುಂಬಿಕೊಳ್ಳುವವರು ತುಂಬಾ ಜನ. ಅಲ್ಲಿ ಡಾಕ್ಟರು ಮೂರು ದಿನದ ವೈರಲ್ ಜ್ವರಕ್ಕೆ ಕೊಡುವುದಿಲ್ಲ ಎಂಬ ಭಯ. ಅವರು ಕೊಡದಿರುವುದೇ ಸರಿ. ಏಕಾಗ್ರತೆಯ ತೊಂದರೆಗೆ ಮಿಥೈಲ್‌ಫೆನಿಡೇಟ್ ತೆಗೆದುಕೊಳ್ಳುವ ಮಕ್ಕಳಿದ್ದರೆ ಆ ದೇಶದ ರಾಯಭಾರ ಕಚೇರಿಯ ನಿಯಮ ಮೊದಲು ನೋಡಿ, ಅದು ಹಲವು ಕಡೆ ನಿಯಂತ್ರಿತ ಔಷಧ.

ನೆಬ್ಯುಲೈಜರ್ ಹೊತ್ತು ಹೋಗಬೇಡಿ. ಇಲ್ಲಿಯದು 230 ವೋಲ್ಟಿನದು, ಅಮೆರಿಕದ ಗೋಡೆಯಲ್ಲಿ ಬರುವುದು 120. ಪ್ಲಗ್ ಬದಲಿಸಿದ ಮಾತ್ರಕ್ಕೆ ಓಡುವುದಿಲ್ಲ. ಇನ್‌ಹೇಲರ್ ಮತ್ತು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಸಾಕು, ಬಳಸುವುದನ್ನು ಇಲ್ಲಿಂದಲೇ ಮಗುವಿಗೆ ರೂಢಿ ಮಾಡಿಸಿ. ಅಜ್ಜಿ ಕೊಟ್ಟ ಕಾಡಿಗೆ ಡಬ್ಬಿಯನ್ನೂ ಇಲ್ಲೇ ಬಿಡಿ. ಕೆಲವು ಕಾಡಿಗೆಗಳಲ್ಲಿ ಸೀಸ ಸಿಕ್ಕಿರುವುದರಿಂದ ಅಮೆರಿಕದ ಮಕ್ಕಳ ಡಾಕ್ಟರು ಅದನ್ನು ಕಂಡರೆ ರಕ್ತಪರೀಕ್ಷೆಗೆ ಬರೆಯುವುದುಂಟು. (ಅಜ್ಜಿಗೆ ಇದನ್ನು ಹೇಳುವ ಕೆಲಸ ನಿಮ್ಮದು.)

ಹಂತ 6: ಕಡತ ಮತ್ತು ಒಪ್ಪಿಗೆ ಪತ್ರ

ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಪ್ಪ-ಅಮ್ಮ ಇಬ್ಬರ ಫೋನಿನಲ್ಲೂ ಇಡಿ. ಕಾಗದದ ಪ್ರತಿಗಳು ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ಮೇಲ್ಪುಟದಲ್ಲಿ ಅರ್ಧ ಪುಟದ ಒಂದು ಸಾರಾಂಶ: ಹೆಸರು, ಹುಟ್ಟಿದ ದಿನ, ತೂಕ, ರಕ್ತದ ಗುಂಪು, ಅಲರ್ಜಿ, ನಡೆಯುತ್ತಿರುವ ಔಷಧ, ಹಿಂದೆ ಆದ ಕಾಯಿಲೆ.

ಮಗುವಿನ ಜೊತೆ ಒಬ್ಬರೇ ಇರುವ ದಿನಗಳೂ, ಇಬ್ಬರೂ ಇಲ್ಲದ ದಿನಗಳೂ ಬರುತ್ತವೆ. ನಮ್ಮ ಸಹೋದ್ಯೋಗಿಯೋ ಪಕ್ಕದ ಮನೆಯವರೋ ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು ಎಂಬ ಪತ್ರವನ್ನು ಇಬ್ಬರೂ ಸಹಿ ಮಾಡಿ ಇಡಿ. ಅಲ್ಲಿಗೆ ಹೋದ ಮೇಲೆ ಅಲ್ಲಿನ ನಮೂನೆಯಲ್ಲಿ ಮತ್ತೊಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಹಂತ 7: ಇಳಿದ ಮೊದಲ ಎರಡು ವಾರ

ಮಗು ಆರೋಗ್ಯವಾಗಿರುವಾಗಲೇ ಡಾಕ್ಟರನ್ನು ಹುಡುಕಿ. ಬೆಂಗಳೂರಿನಲ್ಲಿ ಜ್ವರ ಬಂದ ಸಂಜೆ ಕ್ಲಿನಿಕ್ಕಿಗೆ ಹೋಗಿ ಟೋಕನ್ ತೆಗೆದುಕೊಂಡು ಕೂತರೆ ಎಂಟು ಗಂಟೆಯೊಳಗೆ ತೋರಿಸಿಕೊಂಡು ಬರಬಹುದು. ಅಲ್ಲಿ ಹಾಗಿಲ್ಲ. ಜರ್ಮನಿಯ ಊರುಗಳಲ್ಲಿ ಹೊಸ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಮಕ್ಕಳ ಡಾಕ್ಟರೇ ಹೆಚ್ಚು, ನಾಲ್ಕೈದು ಕಡೆ ಫೋನ್ ಮಾಡಲು ಸಿದ್ಧರಿರಿ. ಬ್ರಿಟನ್ನಿನಲ್ಲಿ ಮನೆಯ ಹತ್ತಿರದ ಜಿಪಿ (ಯಾವ ಕಾಯಿಲೆಗೂ ಮೊದಲು ತೋರಿಸುವ ಸಾಮಾನ್ಯ ಡಾಕ್ಟರು) ಬಳಿ ನೋಂದಾಯಿಸಿ. ಅಮೆರಿಕದಲ್ಲಿ ನೆಟ್‌ವರ್ಕಿನ ಡಾಕ್ಟರ ಬಳಿ ಹೊಸ ರೋಗಿಯ ಭೇಟಿಗೆ ಸಮಯ ತೆಗೆದುಕೊಳ್ಳಿ, ಶಾಲೆಯ ಫಾರಂಗೂ ಅಲ್ಲೇ ಸಹಿ ಆಗುತ್ತದೆ.

ಈ ಹಂತವನ್ನು ಬಿಡುವವರು ಸಾಮಾನ್ಯವಾಗಿ 'ನಮ್ಮ ಡಾಕ್ಟರು ವಾಟ್ಸಾಪ್‌ನಲ್ಲಿ ಸಿಗ್ತಾರೆ' ಎಂದುಕೊಂಡಿರುತ್ತಾರೆ. ಸಿಗುತ್ತಾರೆ, ಧೈರ್ಯವನ್ನೂ ಹೇಳುತ್ತಾರೆ. ಆದರೆ ಅವರು ಬರೆದ ಚೀಟಿಗೆ ಅಲ್ಲಿನ ಔಷಧ ಅಂಗಡಿಯವರು ಔಷಧ ಕೊಡುವುದಿಲ್ಲ.

ಹಂತ 8: ಕಾಯಿಲೆ ಬಿದ್ದ ರಾತ್ರಿ

ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮೊದಲೇ ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಅಮೆರಿಕದಲ್ಲಿ ತುರ್ತಿಗೆ 911, ವಿಷ ಅಥವಾ ಮಾತ್ರೆ ನುಂಗಿದರೆ 1-800-222-1222. ಯುರೋಪಿನಲ್ಲಿ 112, ಜರ್ಮನಿಯಲ್ಲಿ ತುರ್ತಲ್ಲದ ರಾತ್ರಿ ಹೊತ್ತಿನ ಡಾಕ್ಟರಿಗೆ 116117. ಬ್ರಿಟನ್ನಿನಲ್ಲಿ ತುರ್ತಿಗೆ 999, ಸಲಹೆಗೆ 111.

ಅಮೆರಿಕದಲ್ಲಿ ಕಿವಿನೋವು, ಸಣ್ಣ ಗಾಯ, ಜ್ವರಕ್ಕೆ ಅರ್ಜೆಂಟ್ ಕೇರ್ (ಮೊದಲೇ ಸಮಯ ತೆಗೆದುಕೊಳ್ಳದೆ ಹೋಗಬಹುದಾದ ಕ್ಲಿನಿಕ್) ಸಾಕು, ಎಮರ್ಜೆನ್ಸಿಗೆ ಹೋದರೆ ಬಿಲ್ ಹಲವು ಪಟ್ಟು. ಆದರೆ ಈ ಲಕ್ಷಣಗಳಿದ್ದರೆ ಬಿಲ್ಲಿನ ಯೋಚನೆ ಬಿಟ್ಟು ಎಮರ್ಜೆನ್ಸಿಗೇ ಹೋಗಿ: ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ, ಉಸಿರಾಡುವಾಗ ಪಕ್ಕೆ ಒಳಕ್ಕೆಳೆಯುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಕುತ್ತಿಗೆ ಬಗ್ಗಿಸಲಾಗದಿರುವುದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು ಚುಕ್ಕೆ, ಎಂಟು ತಾಸು ಮೂತ್ರ ಆಗದಿರುವುದು.

ವಾರಗಳ ನಂತರ ವಿಮಾ ಕಂಪನಿಯಿಂದ ದೊಡ್ಡ ಮೊತ್ತಗಳಿರುವ ಕಾಗದ ಬಂದರೆ ಗಾಬರಿಯಾಗಿ ಕಟ್ಟಬೇಡಿ. ಅದರ ಮೇಲೆ 'ಇದು ಬಿಲ್ ಅಲ್ಲ' ಎಂದು ಬರೆದಿರುತ್ತದೆ, ಯಾರ ಪಾಲು ಎಷ್ಟು ಎಂಬ ಲೆಕ್ಕ ಅಷ್ಟೆ. ಆಸ್ಪತ್ರೆಯ ಬಿಲ್ ಬೇರೆ ಬರುತ್ತದೆ, ಎರಡನ್ನೂ ತಾಳೆ ನೋಡಿ. ಹೊಂದದಿದ್ದರೆ ಬಿಡಿಸಿ ಬರೆದ ಬಿಲ್ ಕೇಳಿ.

ಹಂತ 9: ನಮ್ಮ ಮನೆಗೆ ಬರುವ ಮಕ್ಕಳು

ಅದಲುಬದಲು ಎಂದ ಮೇಲೆ ಅವರ ಮಕ್ಕಳು ನಮ್ಮ ಬೀದಿಯಲ್ಲಿ ಆಡುತ್ತವೆ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಹಾಕಿಸಿಕೊಂಡು ಬರಲು ಹೇಳಿ, ರೇಬೀಸ್ ಮುನ್ನೆಚ್ಚರಿಕೆ ಡೋಸ್ ಬಗ್ಗೆ ಅವರ ಡಾಕ್ಟರನ್ನು ಕೇಳಲು ತಿಳಿಸಿ. ಬೀದಿನಾಯಿ ಪರಚಿದರೂ ಮಗು ಮನೆಯಲ್ಲಿ ಹೇಳಬೇಕು ಎಂದು ಮೊದಲ ದಿನವೇ ಕಲಿಸಬೇಕು. ಗಾಯವನ್ನು ಸೋಪು-ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಳೆಗಾಲದಲ್ಲಿ ಡೆಂಗಿ. ಜ್ವರಕ್ಕೆ ಅವರು ಸಲೀಸಾಗಿ ಐಬುಪ್ರೊಫೇನ್ ಕೊಡುತ್ತಾರೆ. ಇಲ್ಲಿ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ ಎಂದು ದೊಡ್ಡಕ್ಷರದಲ್ಲಿ ಬರೆದಿಡಿ. ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಕಾಯಬಾರದು. ಮನೆಗೆ ಹತ್ತಿರದ ಮಕ್ಕಳ ಡಾಕ್ಟರು, ರಾತ್ರಿಯೂ ತೆರೆದಿರುವ ಆಸ್ಪತ್ರೆ, ಆಂಬ್ಯುಲೆನ್ಸಿನ 108 ಇವನ್ನು ಅವರಿಗೂ ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿ. ನಾವು ಹೊಸೂರು ರಸ್ತೆಯ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ದಾರಿಯನ್ನೂ ನಕ್ಷೆಯಲ್ಲಿ ಗುರುತು ಮಾಡಿ ಕೊಟ್ಟಿದ್ದೆವು. ವಿದೇಶಿ ವಿಮೆ ಇದ್ದರೂ ಇಲ್ಲಿನ ಖಾಸಗಿ ಆಸ್ಪತ್ರೆಗಳು ಮುಂಗಡ ಕೇಳಬಹುದು, ಕಾರ್ಡಿನಲ್ಲಿ ಅಷ್ಟು ಮಿತಿ ಇರಲಿ ಎಂದು ಹೇಳಿಡಿ.

ಹಂತ 10: ವಾಪಸ್ ಹೊರಡುವ ಮುನ್ನ

ಅಲ್ಲಿ ಹಾಕಿಸಿದ ಲಸಿಕೆ, ಮಾಡಿಸಿದ ಪರೀಕ್ಷೆ, ಎಮರ್ಜೆನ್ಸಿಯ ವರದಿ ಎಲ್ಲದರ ಪ್ರತಿಯನ್ನು ಡಾಕ್ಟರ ಆಫೀಸಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ. ವಿಮೆಯ ಬಾಕಿ ಕ್ಲೇಮುಗಳಿದ್ದರೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಕೆಲವು ಕಂಪನಿಗಳು ಚೆಕ್ಕನ್ನು ಹಳೆಯ ವಿಳಾಸಕ್ಕೇ ಕಳಿಸುತ್ತವೆ. ಬೆಂಗಳೂರಿಗೆ ಬಂದ ಮೇಲೆ ಆನೆಮರಿಯ ಪುಸ್ತಕದಲ್ಲಿ ಆ ಡೋಸ್‌ಗಳನ್ನೂ ಬರೆಸಿ, ತಿಂಗಳನ್ನು ಅಕ್ಷರದಲ್ಲಿ. ಶಾಲೆಯ ಆರೋಗ್ಯ ಕಡತವನ್ನು ಮಾತ್ರ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಬೇಸಿಗೆ ರಜೆ ಶುರುವಾದರೆ ಆಫೀಸಿನಲ್ಲಿ ಫೋನ್ ಎತ್ತುವವರೂ ಇರುವುದಿಲ್ಲ. ನಮ್ಮ ಮಗಳದ್ದು ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಬಂತು.